ಕಾಲಿನ ಕೌಶಲ, ನಾಲಗೆಯ ಶಿಕ್ಷಣ

ಮನುಷ್ಯನ ಕರ್ಮೇಂದ್ರಿಯಗಳನ್ನು ಎಣಿಸುವಾಗ ನಮ್ಮ ಪ್ರಾಚೀನರು ವಾಕ್ಕನ್ನು ಮೊದಲು ಹೇಳಿ, ಪಾಣಿಪಾದಗಳನ್ನು ಅನಂತರ ಹೇಳಿದರು. ಕಾಲ್ಚೆಂಡಾಟದ ವೃತ್ತಿಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ಪಾದವೇ ಪ್ರಧಾನ. ಗೋಲು ಕಾಯುವವನೊಬ್ಬನನ್ನುಳಿದು ಮಿಕ್ಕವರು ಪಾಣಿಯನ್ನು ಬಳಸಿದರೆ ಅಪರಾಧ. ವಾಕ್ಕಿಗಂತೂ ಬಹುಕಾಲ ಸ್ಥಾನವೇ ಇರಲಿಲ್ಲ. ಆಟಗಾರನು ತೊಂಬತ್ತು ನಿಮಿಷ ಓಡಿ, ಬೆವರು ಒರೆಸಿಕೊಂಡು ಮನೆಗೆ ಹೋದರೆ ಅವನ ಕರ್ತವ್ಯ ಮುಗಿಯುತ್ತಿತ್ತು. ಇಂದು ಹಾಗಿಲ್ಲ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಟ್ಟಿಗೆ ಕುಳಿತು ಆಟ ನೋಡಬಲ್ಲವರು 90,000 ಮಂದಿ. ಪೋರ್ಚುಗಲ್ಲಿನ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಬೇರೆ ಬೇರೆ ಸಾಮಾಜಿಕ ಜಾಲತಾಣಗಳಲ್ಲಿ ಅನುಸರಿಸುವವರ ಒಟ್ಟು ಲೆಕ್ಕವು 2024ರ ಸೆಪ್ಟೆಂಬರಿನಲ್ಲಿ 100 ಕೋಟಿಯನ್ನು ಮುಟ್ಟಿತು. ಒಬ್ಬನೇ ಶ್ರೋತೃವನ್ನು ನಾಲ್ಕು ತಾಣಗಳಲ್ಲಿ ನಾಲ್ಕು ಸಲ ಎಣಿಸಿರಬಹುದೆಂದು ಒಪ್ಪಿಕೊಂಡರೂ, ಹಿಂದಿನ ಯಾವ ಚಕ್ರವರ್ತಿಗೂ ಯಾವ ಕವಿಗೂ ಇಷ್ಟು ದೊಡ್ಡ ಸಭೆ ಲಭಿಸಿರಲಿಲ್ಲ.

ಇಂತಹ ಸಭೆಯ ಮುಂದೆ ನಿಂತವನು ಏನು ಮಾಡಬೇಕು? ಆಟಗಾರನಿಗೆ ಮಾತಿನ ಗೊಡವೆ ಏಕೆ, ಅವನು ಬಾಯಿ ಮುಚ್ಚಿಕೊಂಡು ಆಡಲಿ ಎನ್ನುವ ಪಕ್ಷವೊಂದು. ಅವನು ಮಾತನಾಡಲಿ, ಆದರೆ ಆ ಮಾತನ್ನು ಬಲ್ಲವರೊಬ್ಬರು ಸಂಬಳ ಪಡೆದು ಬರೆದುಕೊಡಲಿ ಎನ್ನುವ ಪಕ್ಷ ಇನ್ನೊಂದು. ಈ ಎರಡು ಪಕ್ಷಗಳೂ ಸಮಂಜಸವಲ್ಲವೆಂದೂ, ಕಾಲಿಗೆ ಕೊಡುವ ಶಿಕ್ಷಣದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ನಾಲಗೆಗೆ ಕೊಡಬೇಕೆಂದೂ ಈ ಲೇಖಕನ ಅಭಿಮತ. ಶಬ್ದವ್ಯವಹಾರವನ್ನೇ ಕಸುಬಾಗಿ ಉಳ್ಳವನು ಆಟದ ವಿಷಯಕ್ಕೆ ಕೈಹಾಕಿದುದು ಈ ಕಾರಣದಿಂದ.

ಮೊದಲು ಪೂರ್ವಸ್ಥಿತಿಯನ್ನು ನೆನೆಯೋಣ. ಆಟಗಾರನ ಮಾತು ಮೊದಲೆಲ್ಲ ಪತ್ರಿಕೆಯವರ ಮೂಲಕ ಹೊರಗೆ ಬರುತ್ತಿತ್ತು. ಆಡಿದವನಿಗೂ ಓದುವವನಿಗೂ ನಡುವೆ ವರದಿಗಾರ, ಉಪಸಂಪಾದಕ, ಸಂಪಾದಕ ಎಂಬ ಮೂರು ಜರಡಿಗಳಿದ್ದವು. ಈ ಜರಡಿಗಳಲ್ಲಿ ಕೆಲವೊಮ್ಮೆ ಕಾಳೂ ಉಳಿದುಹೋಗುತ್ತಿತ್ತು, ಆಡದ ಮಾತೂ ಸೇರಿಕೊಳ್ಳುತ್ತಿತ್ತು. ಆದರೂ ಕೋಪದ ಭರದಲ್ಲಿ ಆಡಿದ ಮಾತಿಗೆ ಒಂದು ರಾತ್ರಿಯ ಬಿಡುವು ದೊರೆಯುತ್ತಿತ್ತು. ಟ್ವಿಟರ್ ಎಂಬ ತಾಣವು (2023ರಿಂದ ಅದರ ಹೆಸರು ಎಕ್ಸ್) ಬಂದಮೇಲೆ ಆ ಬಿಡುವು ಹೋಯಿತು. ಹೆಬ್ಬೆರಳಿಗೂ ಲೋಕಕ್ಕೂ ನಡುವೆ ಯಾರೂ ಉಳಿಯಲಿಲ್ಲ. 2011ರ ಜನವರಿಯಲ್ಲಿ ಲಿವರ್‌ಪೂಲ್ ತಂಡವು ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಸೋತಾಗ, ಸೋತ ತಂಡದ ರಯಾನ್ ಬಾಬೆಲ್ ಅವರು ಪಂದ್ಯದ ತೀರ್ಪುಗಾರರಿಗೆ ಎದುರಾಳಿಗಳ ಅಂಗಿಯನ್ನು ತೊಡಿಸಿದಂತೆ ತಿದ್ದಿದ ಚಿತ್ರವೊಂದನ್ನು ಹರಿಯಬಿಟ್ಟರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಅವರಿಗೆ 10,000 ಪೌಂಡುಗಳ ದಂಡ ವಿಧಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ವ್ಯವಸ್ಥಾಪಕರಾಗಿದ್ದ ಸರ್ ಅಲೆಕ್ಸ್ ಫರ್ಗ್ಯೂಸನ್ ಅವರು, ಇದೆಲ್ಲ ಕಾಲಹರಣ, ಇದರ ಬದಲು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಓದಬಾರದೆ ಎಂಬ ಅರ್ಥ ಬರುವಂತೆ ನುಡಿದರು. ಪುಸ್ತಕದ ಮಾತು ನಮಗೆ ಕರ್ಣಾನಂದವೇ ಸರಿ. ಆದರೆ ಹೊಳೆಗೆ ಬಂದ ಪ್ರವಾಹವು ಗುರುಗಳ ಗದರಿಕೆಯಿಂದ ಇಳಿಯಲಿಲ್ಲ.

ದಂಡಗಳ ಮೊತ್ತ ಮಾತ್ರ ಏರುತ್ತಲೇ ಹೋಯಿತು. 2012ರ ಆಗಸ್ಟಿನಲ್ಲಿ ರಿಯೊ ಫರ್ಡಿನಂಡ್ ಅವರಿಗೆ, ತಮ್ಮಂತೆಯೇ ಕಪ್ಪು ವರ್ಣದ ಇನ್ನೊಬ್ಬ ಆಟಗಾರನನ್ನು ಕುರಿತು ಪರರು ಬರೆದ ಅವಹೇಳನದ ಮಾತಿಗೆ ತಲೆದೂಗಿದುದಕ್ಕಾಗಿ 45,000 ಪೌಂಡು ದಂಡ. ಅದೇ ವರ್ಷದ ಅಕ್ಟೋಬರಿನಲ್ಲಿ ಆಶ್ಲಿ ಕೋಲ್ ಅವರಿಗೆ, ಫುಟ್‌ಬಾಲ್ ಸಂಸ್ಥೆಯನ್ನೇ ಬೈದು ಬರೆದುದಕ್ಕಾಗಿ 90,000 ಪೌಂಡು ದಂಡ. ಕೋಲ್ ಅವರು ಆ ಬರಹವನ್ನು ಬೇಗನೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು, ಪ್ರಯೋಜನವಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಇಂದಿನ ಯಂತ್ರಗಳ ಕಾಲದಲ್ಲಿ ಈ ಗಾದೆಗೆ ಒಂದು ಟೀಕೆಯನ್ನು ಸೇರಿಸಬೇಕಾಗಿದೆ: ಆಡಿದ ಮಾತು ಹೋಗುವುದಿಲ್ಲ, ಉಳಿಯುತ್ತದೆ. ಬರ್ನ್‌ಲಿ ತಂಡದ ಆಂಡ್ರೆ ಗ್ರೇ ಅವರು 2016ರ ಆಗಸ್ಟಿನಲ್ಲಿ ಲಿವರ್‌ಪೂಲ್ ವಿರುದ್ಧ ಗೋಲು ಹೊಡೆದು ಹೆಸರಾದ ಒಡನೆಯೇ, ತಾವು ಚಿಕ್ಕ ತಂಡವೊಂದರಲ್ಲಿ ಆಡುತ್ತಿದ್ದ ದಿನಗಳಲ್ಲಿ, 2012ರಲ್ಲಿ, ಸಲಿಂಗಿಗಳನ್ನು ಕುರಿತು ಬರೆದಿದ್ದ ಕ್ರೂರವಾದ ಮಾತುಗಳು ಮೇಲೆದ್ದು ಬಂದವು. ನಾಲ್ಕು ಪಂದ್ಯಗಳ ನಿಷೇಧವೂ 25,000 ಪೌಂಡುಗಳ ದಂಡವೂ ಒದಗಿದವು. ಇಪ್ಪತ್ತರ ಹರೆಯದಲ್ಲಿ ಯಾರೂ ಅರಿಯದ ತರುಣನು ಬರೆದುದಕ್ಕೆ, ಇಪ್ಪತ್ತೈದರ ಹರೆಯದ ಹೆಸರಾಂತ ಆಟಗಾರನು ಉತ್ತರ ಹೇಳಬೇಕಾಯಿತು.

ಇವೆಲ್ಲ ಸ್ಪಷ್ಟವಾದ ದೋಷಗಳು. ವಿಚಾರಕ್ಕೆ ಆಸ್ಪದವುಳ್ಳ ಪ್ರಸಂಗವೊಂದನ್ನು ಈಗ ತೆಗೆದುಕೊಳ್ಳೋಣ. 2020ರ ನವೆಂಬರಿನಲ್ಲಿ ಉರುಗ್ವೆ ದೇಶದ ಎಡಿನ್ಸನ್ ಕವಾನಿ ಅವರು ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಗೆಲ್ಲಿಸಿದರು. ಗೆಳೆಯನೊಬ್ಬನು ಇನ್‌ಸ್ಟಾಗ್ರಾಮಿನಲ್ಲಿ ಅಭಿನಂದಿಸಿದುದಕ್ಕೆ ಅವರು ತಮ್ಮ ಸ್ಪ್ಯಾನಿಷ್ ನುಡಿಯಲ್ಲಿ ವಂದನೆ ಹೇಳುತ್ತ 'ನೆಗ್ರಿಟೊ' ಎಂಬ ಸಂಬೋಧನೆಯನ್ನು ಬಳಸಿದರು. ಆ ಶಬ್ದದ ವಾಚ್ಯಾರ್ಥ 'ಪುಟ್ಟ ಕರಿಯ' ಎಂದು. ಉರುಗ್ವೆಯ ಮನೆಮಾತಿನಲ್ಲಿ ಅದು ಅಕ್ಕರೆಯ ಮಾತು. ಇಂಗ್ಲೆಂಡಿನ ಕಿವಿಗೆ ಅದು ವರ್ಣನಿಂದೆ. ಫುಟ್‌ಬಾಲ್ ಸಂಸ್ಥೆಯು ಡಿಸೆಂಬರ್ 31ರಂದು ಮೂರು ಪಂದ್ಯಗಳ ನಿಷೇಧವನ್ನೂ 1,00,000 ಪೌಂಡುಗಳ ದಂಡವನ್ನೂ ವಿಧಿಸಿತು. ಉರುಗ್ವೆಯ ರಾಷ್ಟ್ರೀಯ ಸಾಹಿತ್ಯ ಅಕಾಡೆಮಿಯು ಹೊರಟು ಬಂದು, ಇದು ನಮ್ಮ ಭಾಷೆಯನ್ನರಿಯದವರು ಮಾಡಿದ ಅನ್ಯಾಯವೆಂದು ಪ್ರತಿಭಟಿಸಿತು. ಕಾಲ್ಚೆಂಡಾಟದ ವ್ಯಾಜ್ಯವೊಂದರಲ್ಲಿ ಒಂದು ದೇಶದ ವೈಯಾಕರಣರು ವಕಾಲತ್ತು ವಹಿಸಿದುದು ಅಪರೂಪದ ಸಂಗತಿ.

ಕನ್ನಡಿಗರಿಗೆ ಈ ಪ್ರಸಂಗ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕರಿಯ, ಕೆಂಚ, ಕರಿಯಪ್ಪ, ಕರಿಯಮ್ಮ ಎಂಬವು ತಂದೆತಾಯಿಗಳು ಮಮತೆಯಿಂದ ಇಟ್ಟ ಹೆಸರುಗಳು. ಅಜ್ಜಿಯು ಮೊಮ್ಮಗನನ್ನು 'ಬಾರೋ ಕರಿಯಾ' ಎಂದು ಕರೆದರೆ ಅಲ್ಲಿ ಮುದ್ದು ಹೊರತು ನಿಂದೆಯಿಲ್ಲ. ಅದೇ ಮಾತನ್ನು ಪಟ್ಟಣದ ಬಸ್ಸಿನಲ್ಲಿ ಅಪರಿಚಿತನೊಬ್ಬನು ಇನ್ನೊಬ್ಬನಿಗೆ ಅಂದರೆ ಜಗಳವೇ ನಡೆದೀತು. ಶಬ್ದವೊಂದೇ, ಅಭಿಧೆಯೊಂದೇ, ವಕ್ತೃ, ಶ್ರೋತೃ, ದೇಶ, ಕಾಲ ಬೇರೆಯಾದುದರಿಂದ ವ್ಯಂಜನೆ ಬೇರೆಯಾಯಿತು. ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚೆ' ಎಂಬ ಗ್ರಂಥವನ್ನೇ ಬರೆದು ಕಾವ್ಯದಲ್ಲಿ ವಿಚಾರಿಸಿದ ಔಚಿತ್ಯವು ಇಲ್ಲಿ ಬೀದಿಯ ಮಾತಿಗೂ ಅನ್ವಯಿಸುತ್ತದೆ. ಕವಾನಿ ಅವರ ಹೃದಯದಲ್ಲಿ ದ್ವೇಷವಿತ್ತೆಂದು ನಾನು ನಂಬುವುದಿಲ್ಲ. ದಂಡವು ಅತಿಯಾಯಿತೆಂದೇ ನನ್ನ ಭಾವನೆ. ಆದರೆ ಮನೆಯ ಜಗುಲಿಯ ಮಾತನ್ನು ಜಗತ್ತಿನ ಜಾತ್ರೆಯಲ್ಲಿ ಆಡಿದಾಗ, ಆ ಜಾತ್ರೆಯಲ್ಲಿ ಅದೇ ಶಬ್ದದಿಂದ ತಲೆತಲಾಂತರ ನೊಂದವರೂ ನಿಂತಿರುತ್ತಾರೆಂಬ ಎಚ್ಚರ ವಕ್ತೃವಿಗೆ ಬೇಕಲ್ಲವೆ? ಈ ಎಚ್ಚರವನ್ನು ಅವರಿಗೆ ಯಾರು ಕಲಿಸಿದ್ದರು? ದಂಡ ಹಾಕುವ ಸಂಸ್ಥೆ ಮೊದಲು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಇದೇ.

ತಪ್ಪಿನ ಭಯದಿಂದ ಹುಟ್ಟಿದುದು ಎರವಲು ನುಡಿಯ ಪದ್ಧತಿ. ಅದರ ಸ್ವರೂಪವನ್ನು ತೋರಿಸಲು ಒಂದೇ ದೃಷ್ಟಾಂತ ಸಾಕು. 2016ರ ಅಕ್ಟೋಬರಿನಲ್ಲಿ ಸಂಡರ್‌ಲೆಂಡ್ ತಂಡವು ವೆಸ್ಟ್ ಹ್ಯಾಮ್ ತಂಡಕ್ಕೆ ಸೋತ ಬಳಿಕ, ಸಂಡರ್‌ಲೆಂಡಿನ ವಿಕ್ಟರ್ ಅನಿಚೆಬೆ ಅವರ ಹೆಸರಿನಲ್ಲಿ ಟ್ವಿಟರಿನಲ್ಲಿ ಬರಹವೊಂದು ಪ್ರಕಟವಾಯಿತು. ಅಭಿಮಾನಿಗಳ ಬೆಂಬಲ ಅದ್ಭುತವಾಗಿತ್ತು, ಹುಡುಗರು ಚೆನ್ನಾಗಿ ಶ್ರಮಿಸಿದರು, ಮತ್ತೆ ಪ್ರಯತ್ನಿಸುತ್ತೇವೆ ಎಂಬ ಎಂದಿನ ಮಾತುಗಳೇ ಅದರಲ್ಲಿದ್ದವು. ಆದರೆ ಅವುಗಳ ಹಿಂದೆ, 'ಹೀಗೆ ಏನಾದರೂ ಬರೆಯಬಹುದೆ' ಎಂಬ ಸೂಚನೆಯ ವಾಕ್ಯವೂ ಅಳಿಸದೆ ಉಳಿದು ಅಚ್ಚಾಗಿಬಿಟ್ಟಿತ್ತು! ಲೋಕವೆಲ್ಲ ನಕ್ಕಿತು. ನಗುವ ಮೊದಲು ನಾವು ಯೋಚಿಸಬೇಕು. ಹೃದಯದಿಂದ ಬಂದುದೆಂದು ಅಭಿಮಾನಿಯು ನಂಬಿ ಓದುವ ಎಷ್ಟು ಸಾಂತ್ವನಗಳು, ಎಷ್ಟು ಕೃತಜ್ಞತೆಗಳು ಹೀಗೆ ಕೂಲಿಯ ಲೇಖನಿಯಿಂದ ಬಂದಿರಬಹುದು? ಅಲ್ಲಿ ಜಾಣತನದಿಂದ ಸೂಚನೆಯನ್ನು ಅಳಿಸಿರುತ್ತಾರೆ, ಅಷ್ಟೇ ವ್ಯತ್ಯಾಸ.

ಎರವಲು ನುಡಿಗೆ ವ್ಯಾಪಾರವು ಸೇರಿದರೆ ಕೇಡು ಇಮ್ಮಡಿಯಾಗುತ್ತದೆ. 2012ರ ಜೂನ್ ತಿಂಗಳಿನಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಲಿಯು, ವೇಯ್ನ್ ರೂನಿ ಮತ್ತು ಜಾಕ್ ವಿಲ್ಶೇರ್ ಎಂಬ ಆಟಗಾರರ ಟ್ವಿಟರ್ ಬರಹಗಳನ್ನು ನಿಷೇಧಿಸಿತು. ಅವು ನೈಕಿ ಕಂಪೆನಿಯ ಪ್ರಚಾರಕ್ಕಾಗಿ ಬರೆದವು; ಜಾಹೀರಾತೆಂದು ಓದುವವರಿಗೆ ಸ್ಪಷ್ಟವಾಗಿ ತಿಳಿಯುವಂತಿರಲಿಲ್ಲ ಎಂಬುದು ಆಕ್ಷೇಪ. ವ್ಯಾಪಾರವು ಪಾಪವಲ್ಲ. ಅಂಗಡಿಯವನು ಅಂಗಡಿಯ ಹಲಗೆ ತೂಗುಹಾಕಿಕೊಂಡು ಮಾರಲಿ. ಗೆಳೆಯನ ವೇಷದಲ್ಲಿ ಮನೆಯೊಳಕ್ಕೆ ಬಂದು ಮಾರುವುದು ವಂಚನೆ.

ಹಾಗಾದರೆ ಆಟಗಾರನು ಮೌನವಾಗಿರುವುದೇ ಲೇಸಲ್ಲವೆ ಎಂದು ಮೊದಲ ಪಕ್ಷದವರು ಕೇಳಬಹುದು. ಅವರ ಮುಂದೆ ಮೂರು ನಿದರ್ಶನಗಳನ್ನು ಇಡುತ್ತೇನೆ. ಮೊದಲನೆಯದು ನಮ್ಮ ದೇಶದ್ದು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡವು ಚೈನೀಸ್ ತೈಪೆ ತಂಡವನ್ನು 5-0 ಅಂತರದಿಂದ ಸೋಲಿಸಿತು. ನೋಡಲು ಬಂದಿದ್ದವರು 2,569 ಮಂದಿ. ಮರುದಿನ ನಾಯಕ ಸುನಿಲ್ ಛೆಟ್ರಿ ಅವರು ತಾವೇ ಕ್ಯಾಮೆರಾದ ಮುಂದೆ ಕುಳಿತು, ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಅದನ್ನು ಮಾಡಿರಿ ಎಂದು ಕೈಮುಗಿದು ಬೇಡಿದರು. 2013ರಿಂದ ಬೆಂಗಳೂರು ಎಫ್.ಸಿ. ತಂಡದ ಮೂಲಕ ಕನ್ನಡ ನಾಡಿನವರಿಗೂ ತಮ್ಮವರಾದ ಈ ಆಟಗಾರನ ಮಾತು ಊರೂರು ಮುಟ್ಟಿತು. ಜೂನ್ 4ರಂದು ಕೀನ್ಯಾ ವಿರುದ್ಧ ನಡೆದ, ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯಕ್ಕೆ ಟಿಕೆಟುಗಳೆಲ್ಲ ಮಾರಾಟವಾಗಿ ಹೋದವು. ಆ ಮಾತಿನಲ್ಲಿ ಅಲಂಕಾರವಿರಲಿಲ್ಲ. ಆಡುವವನ ಸಂಕಟವಿತ್ತು, ಕೇಳುವವನ ಮೇಲೆ ಗೌರವವಿತ್ತು.

ಎರಡನೆಯದು ಇಂಗ್ಲೆಂಡಿನ ಮಾರ್ಕಸ್ ರ‍್ಯಾಶ್‌ಫರ್ಡ್ ಅವರದು. ಕೊರೋನಾ ವ್ಯಾಧಿಯ 2020ರ ಜೂನ್ 15ರಂದು, ಇಪ್ಪತ್ತೆರಡು ವರ್ಷದ ಈ ತರುಣನು ಬ್ರಿಟಿಷ್ ಸಂಸತ್ತಿನ ಸದಸ್ಯರಿಗೆ ಬಹಿರಂಗ ಪತ್ರವೊಂದನ್ನು ಟ್ವಿಟರಿನಲ್ಲಿ ಪ್ರಕಟಿಸಿದನು. ಬೇಸಗೆಯ ರಜೆಯಲ್ಲಿ ಬಡ ಮಕ್ಕಳಿಗೆ ಶಾಲೆಯ ಊಟಕ್ಕೆ ಬದಲಾಗಿ ಕೊಡುವ ಚೀಟಿಗಳನ್ನು ನಿಲ್ಲಿಸಬಾರದೆಂಬುದು ಅದರ ಪ್ರಾರ್ಥನೆ. ದಿನವಿಡೀ ದುಡಿದರೂ ಮನೆಯ ಊಟಕ್ಕೆ ಸಾಲದ ತಾಯಿಯ ಕೂಲಿ, ಶಾಲೆಯ ಉಚಿತ ಊಟದಿಂದ ಬೆಳೆದ ತನ್ನ ಬಾಲ್ಯ ಇವನ್ನು ಅವನು ನಾಚದೆ ಹೇಳಿಕೊಂಡನು. ಮರುದಿನವೇ ಸರ್ಕಾರವು ತನ್ನ ನಿರ್ಧಾರವನ್ನು ಬದಲಿಸಿತು. ಸುಮಾರು 13 ಲಕ್ಷ ಮಕ್ಕಳಿಗೆ ಆ ಬೇಸಗೆಯಲ್ಲಿ ಅನ್ನ ದೊರೆಯಿತು. ಅನ್ನದಾನವು ವಿದ್ಯೆಗೆ ಊರುಗೋಲೆಂಬುದನ್ನು ಅರಿತವರ ಮುಂದೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಸ್ಪೇನಿನ ಮಹಿಳೆಯರದು. 2023ರ ಆಗಸ್ಟಿನಲ್ಲಿ ವಿಶ್ವಕಪ್ ಗೆದ್ದ ದಿನ, ಅವರ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಆಟಗಾರ್ತಿ ಜೆನ್ನಿ ಹೆರ್ಮೊಸೊ ಅವರನ್ನು ವೇದಿಕೆಯ ಮೇಲೆ ಬಲವಂತವಾಗಿ ಚುಂಬಿಸಿದರು. ಅಧಿಕಾರ ಬಿಡೆನೆಂದು ಹಟ ಹಿಡಿದರು. ಸಹ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್ ಅವರು 'ಇನ್ನು ಸಾಕು, ಮುಗಿಯಿತು' ಎಂಬರ್ಥದ ಎರಡು ಶಬ್ದಗಳನ್ನು ಬರೆದರು. ಆ ಎರಡು ಶಬ್ದಗಳು ಸ್ಪೇನಿನ ಬೀದಿಗಳಲ್ಲಿ ಘೋಷವಾದವು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು. 2025ರಲ್ಲಿ ನ್ಯಾಯಾಲಯವು ಅವರನ್ನು ದೋಷಿಯೆಂದು ತೀರ್ಮಾನಿಸಿ ದಂಡ ವಿಧಿಸಿತು. ಈ ಮೂವರೂ ಮೌನವಾಗಿದ್ದಿದ್ದರೆ ಲೋಕಕ್ಕೆ ಲಾಭವಾಗುತ್ತಿತ್ತೆ?

ನಿಜ ನುಡಿಗೆ ಬೆಲೆ ತೆರಬೇಕಾಗುತ್ತದೆಂಬುದನ್ನೂ ಮರೆಮಾಚಬಾರದು. 2019ರ ಡಿಸೆಂಬರಿನಲ್ಲಿ ಆರ್ಸೆನಲ್ ತಂಡದ ಮೆಸುಟ್ ಓಜಿಲ್ ಅವರು ಚೀನಾದ ಉಯ್ಘುರ್ ಮುಸಲ್ಮಾನರ ಮೇಲೆ ನಡೆಯುತ್ತಿದ್ದ ದಬ್ಬಾಳಿಕೆಯನ್ನು ಖಂಡಿಸಿ ಬರೆದರು. ಅದು ಅವರ ಸ್ವಂತ ಅಭಿಪ್ರಾಯ, ರಾಜಕೀಯಕ್ಕೆ ನಾವು ಹೋಗುವುದಿಲ್ಲ ಎಂದು ಅವರ ಕ್ಲಬ್ಬು ಚೀನೀ ಜಾಲತಾಣದಲ್ಲಿ ಪ್ರಕಟಿಸಿ ಕೈತೊಳೆದುಕೊಂಡಿತು. ಚೀನಾದ ಸರ್ಕಾರಿ ದೂರದರ್ಶನವು ಆ ತಂಡದ ಮುಂದಿನ ಪಂದ್ಯದ ಪ್ರಸಾರವನ್ನೇ ಕೈಬಿಟ್ಟಿತು. ಆರು ತಿಂಗಳು ಕಳೆಯುವಷ್ಟರಲ್ಲಿ, ಕಪ್ಪು ವರ್ಣದವರ ಜೀವಕ್ಕೆ ಬೆಲೆಯುಂಟೆಂಬ ಘೋಷಣೆಯನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಎಲ್ಲ ತಂಡಗಳೂ ಅಂಗಿಯ ಬೆನ್ನಮೇಲೆ ಹೊತ್ತು ಆಡಿದವು. ಈ ಎರಡನೆಯ ಕಾರ್ಯವು ಶ್ಲಾಘ್ಯವೇ. ಆದರೆ ಒಂದು ಸಂಕಟವು ಮಾತಿಗೆ ಅರ್ಹ, ಇನ್ನೊಂದು ಅನರ್ಹ ಎಂಬ ವಿವೇಚನೆಯು ಧರ್ಮದ ತಕ್ಕಡಿಯಲ್ಲಿ ಆಗದೆ ಮಾರುಕಟ್ಟೆಯ ತಕ್ಕಡಿಯಲ್ಲಿ ಆದುದನ್ನು ನೋಡಿದಾಗ, ಆಟಗಾರನ ಮಾತನ್ನು ಕ್ಲಬ್ಬಿನ ಕೈಗೆ ಒಪ್ಪಿಸಬೇಕೆನ್ನುವ ವಾದದ ಬಗೆಗೆ ಸಂಶಯ ಹುಟ್ಟುತ್ತದೆ.

ಇಷ್ಟು ಹೊತ್ತು ವಕ್ತೃವಿನ ಮಾತಾಯಿತು. ಶ್ರೋತೃಗಳ ಮಾತನ್ನು ಆಡದಿದ್ದರೆ ವಿಚಾರವು ಅಪೂರ್ಣ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋಪಿನ ಕಪ್ಪಿಗಾಗಿ ಇಟಲಿಗೂ ಇಂಗ್ಲೆಂಡಿಗೂ ನಡೆದ ಅಂತಿಮ ಪಂದ್ಯವು ಪೆನಾಲ್ಟಿ ಒದೆತಗಳಲ್ಲಿ ತೀರ್ಮಾನವಾಯಿತು. ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಎಂಬ ಮೂವರು ಗುರಿ ತಪ್ಪಿದರು. ಹಿಂದಿನ ವರ್ಷ ಬಡಮಕ್ಕಳಿಗೆ ಅನ್ನ ಕೊಡಿಸಿದವನೆಂದು ಹೊಗಳಿಸಿಕೊಂಡವನಿಗೂ, ಹತ್ತೊಂಬತ್ತರ ಬಾಲಕನಾದ ಸಾಕಾಗೂ ಆ ರಾತ್ರಿ ಜಾಲತಾಣಗಳಲ್ಲಿ ವರ್ಣದ್ವೇಷದ ಬೈಗುಳಗಳ ಮಳೆ ಸುರಿಯಿತು. ತನಗೆ ಎಂತಹ ದ್ವೇಷ ಕಾದಿದೆಯೆಂಬುದು ತನಗೆ ಆ ಕ್ಷಣದಲ್ಲೇ ಗೊತ್ತಿತ್ತೆಂದು ಸಾಕಾ ಕೆಲವು ದಿನಗಳ ಮೇಲೆ ಬರೆದುದನ್ನು ಓದಿದರೆ ಹೆತ್ತವರ ಕರುಳು ಕಿವುಚುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಫ್ರಾನ್ಸಿನ ತಿಯರಿ ಹೆನ್ರಿ ಇದೇ ಕಾರಣಕ್ಕೆ ಜಾಲತಾಣಗಳನ್ನು ತೊರೆದಿದ್ದರು. ಏಪ್ರಿಲ್ 30ರಿಂದ ಮೇ 3ರ ವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಲೋಕವೆಲ್ಲ ಅವುಗಳಿಗೆ ಬಹಿಷ್ಕಾರ ಹಾಕಿತ್ತು. 2022ರ ವಿಶ್ವಕಪ್ಪಿನ ಹೊತ್ತಿಗೆ ಆಟಗಾರರನ್ನು ಬೈಗುಳದಿಂದ ಕಾಯಲು ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವು ಒಂದು ಯಂತ್ರವ್ಯವಸ್ಥೆಯನ್ನೇ ಏರ್ಪಡಿಸಿತು. ಅದು ಸುಮಾರು 2 ಕೋಟಿ ಬರಹಗಳನ್ನು ಜಾಲಾಡಿದಾಗ 19,000ಕ್ಕೂ ಮಿಕ್ಕಿ ನಿಂದೆಗಳು ಸಿಕ್ಕಿಬಿದ್ದವು. ಬರೆದವರು ರಾಕ್ಷಸರಲ್ಲ, ಯಾವುದೋ ಶಾಲೆಯಲ್ಲಿ ಅಕ್ಷರ ಕಲಿತವರೇ. ಅಕ್ಷರ ಕಲಿಸಿ, ಅದರ ಹೊಣೆಯನ್ನು ಕಲಿಸದೆ ಬಿಟ್ಟುದರ ಫಲವಿದು.

ಆದುದರಿಂದ ಪ್ರಶ್ನೆಯು ಕೊನೆಗೆ ಶಿಕ್ಷಣದ ಬಳಿಗೇ ಬರುತ್ತದೆ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು ಎಂಟು ಒಂಬತ್ತು ವರ್ಷದ ಬಾಲಕರನ್ನು ತಮ್ಮ ತರಬೇತಿ ಶಾಲೆಗಳಿಗೆ ಸೇರಿಸಿಕೊಳ್ಳುತ್ತವೆ. ಚೆಂಡನ್ನು ನಿಲ್ಲಿಸುವ ಒಂದೇ ಕ್ರಿಯೆಯನ್ನು ಬಾಲಕನು ಸಾವಿರಾರು ಸಲ ಅಭ್ಯಾಸ ಮಾಡುತ್ತಾನೆ. ವೇಗವಾಗಿ ಬಂದ ಚೆಂಡನ್ನು ಒಡನೆಯೇ ಒದೆಯದೆ, ಮೊದಲು ಕಾಲಡಿಯಲ್ಲಿ ಹಿಡಿದು, ತಲೆಯೆತ್ತಿ ಸುತ್ತ ನೋಡಿ, ಅನಂತರ ಕಳುಹಿಸಬೇಕೆಂದು ಗುರುಗಳು ಹೇಳಿಕೊಡುತ್ತಾರೆ. ವಾಕ್ಸಂಯಮವೆಂದರೂ ಇದೇ. ಬಂದ ಕೋಪವನ್ನು ಹಿಡಿದು ನಿಲ್ಲಿಸಿ, ಯಾರು ಯಾರು ಎಲ್ಲೆಲ್ಲಿ ನಿಂತಿದ್ದಾರೆಂದು ನೋಡಿ, ಅನಂತರ ಮಾತನ್ನು ಕಳುಹಿಸುವ ಅಭ್ಯಾಸ. ಕಾಲಿಗೆ ಬರುವ ವಿದ್ಯೆ ನಾಲಗೆಗೆ ಬಾರದೆ? ಬರುತ್ತದೆ, ಆದರೆ ಅಷ್ಟೇ ಅಭ್ಯಾಸ ಬೇಕು. ಋತುವಿನ ಆರಂಭದಲ್ಲಿ ಒಂದು ದಿನ ಉಪನ್ಯಾಸ ಮಾಡಿ, ನಿಯಮಗಳ ಹಾಳೆಯನ್ನು ಹಂಚಿದರೆ ಸಾಲದು.

ಈ ಸಂಪುಟವನ್ನು ಓದುವ ಅಧ್ಯಾಪಕ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹವನ್ನು ಮಾಡಿಕೊಳ್ಳುತ್ತೇನೆ. ನಮ್ಮ ಮಕ್ಕಳು ನಾಳೆ ಹೆಸರಾಂತ ಆಟಗಾರರಾಗಲಿ ಆಗದಿರಲಿ, ಮಾತನ್ನು ಲೋಕಕ್ಕೆ ಎಸೆಯುವ ಯಂತ್ರವು ಅವರ ಕೈಗೆ ಇಂದೇ ಬಂದಿದೆ. ಆಟದ ಬಯಲಿಗೆ ಗೋಡೆ ಕಟ್ಟಿಸಿಕೊಡುವ ಔದಾರ್ಯವು ದೊಡ್ಡದು. ಅದರೊಡನೆ ಚರ್ಚಾಕೂಟ, ಪ್ರಬಂಧ ಸ್ಪರ್ಧೆ, ಕೈಬರಹದ ಪತ್ರಿಕೆ ಇವುಗಳಿಗೂ ಒಂದು ಪಾಲು ಇರಲಿ. ಪ್ರತಿ ಪಂದ್ಯದ ಮರುದಿನ, ಆಡಿದ ಹುಡುಗರು ಪಂದ್ಯದ ವೃತ್ತಾಂತವನ್ನು ಹತ್ತು ವಾಕ್ಯಗಳಲ್ಲಿ ತಮ್ಮದೇ ಕನ್ನಡದಲ್ಲಿ ಬರೆಯಲಿ. ಅದರಲ್ಲಿ ಮೂರು ವಾಕ್ಯಗಳಾದರೂ ಎದುರು ತಂಡದ ಗುಣವನ್ನು ಹೇಳಲಿ. ಬರೆದುದನ್ನು ಎದುರು ತಂಡದವರ ಮುಂದೆಯೇ ನಿಂತು ಓದಲಿ. ಕೇಳುವವನ ಮುಖವನ್ನು ನೋಡುತ್ತ ಓದಲಾರದ ಮಾತನ್ನು ಮುಖ ಕಾಣದ ಯಂತ್ರದಲ್ಲಿಯೂ ಬರೆಯಬಾರದೆಂಬ ಪಾಠವನ್ನು ಬೇರೆಯಾಗಿ ಬೋಧಿಸಬೇಕಾಗುವುದಿಲ್ಲ. ಇದಕ್ಕೆ ಬೇಕಾದುದು ಒಂದು ಹಲಗೆ, ನಾಲ್ಕು ನೋಟುಪುಸ್ತಕ, ವಾರಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳುವ ಒಬ್ಬ ಉಪಾಧ್ಯಾಯರು. ವಾಕ್ಕನ್ನು ಮೊದಲ ಇಂದ್ರಿಯವಾಗಿ ಎಣಿಸಿದ ಹಿರಿಯರ ಎಣಿಕೆಯು ಸರಿಯಾದುದೆಂದು ಒಪ್ಪುವವರು ಈ ಅಲ್ಪ ಸೂಚನೆಯನ್ನು ಪರಾಮರ್ಶಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.